ಎಡಗೈ ಮೇಲಿನ ತಾಳ

ನಿಮ್ಮ ತಾತನಿಗೆ ಲಕ್ವ ಹೊಡೆದದ್ದು ನಿಮ್ಮ ಅಮ್ಮನ ಮದುವೆಗೆ ಒಂದು ವರ್ಷ ಮೊದಲು. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾವು ಪುರವರದಲ್ಲಿದ್ದೆವು. ಬಲಗೈ, ಬಲಗಾಲು ಬಿದ್ದುಹೋದವು, ಮಾತೂ ಹೋಯಿತು. ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು. ಬಾಯಿ ತೆರೆದರೆ ಮಾತ್ರ ‘ಅದು, ಅದು’ ಎನ್ನುವುದೊಂದೇ. ನೀರೂ ಅದು, ಮಗಳೂ ಅದು. ಡಾಕ್ಟರು ಇನ್ನು ಇಷ್ಟೇ ಎಂದರು.

ಚಿಕ್ಕಂದಿನಲ್ಲಿ ಅವರಿಗೆ ಸಂಗೀತ ಕಲಿಸಿದ್ದ ಮೇಷ್ಟ್ರು ಮಧುಗಿರಿಯಿಂದ ನೋಡಲು ಬಂದರು. ಏನು ಮಾತಾಡುವುದೆಂದು ತೋಚದೆ ಸರಳೆ ವರಸೆ ಗುನುಗಿದರು. ತಾತ ಜೊತೆಗೇ ಹಾಡಿದರು. ಸ ರಿ ಗ ಮ, ಒಂದೊಂದು ಅಕ್ಷರವೂ ಸ್ಪಷ್ಟ. ನಾನು ಒಲೆ ಬಿಟ್ಟು ಎದ್ದು ಬಂದೆ.

‘ಮಾತು ಬರ್ದಿದ್ರೆ ಹಾಡ್ಸಮ್ಮ. ಬೇಕಾದ್ದನ್ನ ರಾಗದಲ್ಲಿ ಹೇಳ್ಲಿ.’

‘ನಂಗೆ ಹಾಡಕ್ಕೆ ಬರಕಿಲ್ಲ ಮೇಷ್ಟ್ರೆ.’

‘ನಿಂಗ್ಯಾಕೆ ಬರ್ಬೇಕು, ಅವನಿಗೆ ಬತ್ತದೆ. ನೀನು ಅವನ ಎಡಗೈ ಹಿಡ್ಕೊಂಡು ತೊಡೆ ಮೇಲೆ ತಾಳ ತಟ್ಟು, ಸಾಕು.’

ಹಿಂದಿನ ಕೋಣೆಯ ಬಾಗಿಲು ಹಾಕಿಕೊಂಡು ತಟ್ಟಿದೆ. ಎರಡು ತಿಂಗಳಿಗೆ ‘ನೀರು ಕೊಡು’ ಬಂತು. ಹಾಡಾಗಿಯೇ ಬಂತು, ಆದರೂ ಬಂತು. ಆಮೇಲೆ ಪಾವಗಡದ ಕಡೆಯ ಸಂಬಂಧ ಕೂಡಿಬಂತು. ವೀಳ್ಯದ ದಿನ ಹೆಣ್ಣಿನ ತಂದೆ ಎಲ್ಲರ ಎದುರು ‘ಮಗಳ ಕೊಟ್ಟೆವು’ ಎಂದು ಮೂರು ಸಲ ಹೇಳಬೇಕು. ಅವರ ತಮ್ಮ ಹೇಳಲಿ ಎಂದರೆ ತಾತ ಪಕ್ಕದ ಚೊಂಬು ಉರುಳಿಸಿಬಿಡುತ್ತಿದ್ದರು. ತಾವೇ ಹೇಳಬೇಕು, ಅಷ್ಟೆ. ಮೇಷ್ಟ್ರು ಆ ಎರಡು ಮಾತನ್ನು ಮಲಹರಿ ರಾಗಕ್ಕೆ ಕೂಡಿಸಿಕೊಟ್ಟರು.

‘ಬಾಗ್ಲು ತೆಗ್ದು, ನಾಕು ಜನದ ಮುಂದೆ ಹಾಡ್ಸಮ್ಮ’ ಎಂದೂ ಹೇಳಿದ್ದರು. ನಾನು ಒಂದು ದಿನವೂ ತೆಗೆಯಲಿಲ್ಲ. ಗಂಡನ ಕೈ ಹಿಡಿದು ತಾಳ ಹಾಕುವುದನ್ನು ಯಾರಾದರೂ ನೋಡಿದರೆ ಎಂದು ನಾಚಿಕೆ. ಮುಚ್ಚಿದ ಕೋಣೆಯಲ್ಲಿ ಅವರು ಮೂರು ಸಲವೂ ತಪ್ಪದೆ ಹಾಡುತ್ತಿದ್ದರು. ಸಾಕು ಅಂದುಕೊಂಡೆ.

ವೀಳ್ಯದ ದಿನ ಮೇಷ್ಟ್ರು ಯಾವುದೋ ಮದುವೆಗೆಂದು ಕೊರಟಗೆರೆಗೆ ಹೋಗಿದ್ದರು. ಪಡಸಾಲೆಯ ಜಮಖಾನದ ಮೇಲೆ ಗಂಡಸರು, ಅಡುಗೆಮನೆ ಬಾಗಿಲ ಹಿಂದೆ ನಾವು ಹೆಂಗಸರು. ಶಾಸ್ತ್ರ ನಡೆಸುತ್ತಿದ್ದ ಅಯ್ಯನವರು ‘ಹೇಳಿ’ ಎಂದರು. ತಾತ ಎಡಗೈಯನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು ಬಾಗಿಲ ಕಡೆ ನೋಡಿದರು. ನನ್ನನ್ನೇ ನೋಡಿದರು. ನಾಲ್ಕು ಹೆಜ್ಜೆ ಹೋಗಿ ಕೂತಿದ್ದರೆ ಆಗುತ್ತಿತ್ತು. ದೊಡ್ಡ ಗಂಡಸರೆಲ್ಲ ಕೂತಿದ್ದಾರೆ, ಕಾಲು ಏಳಲಿಲ್ಲ. ಬಾಗಿಲ ಚೌಕಟ್ಟಿನ ಮೇಲೆ ಬೆರಳಿಂದ ತಾಳ ತಟ್ಟಿದೆ, ನನಗೇ ಕೇಳಿಸದಷ್ಟು ಮೆಲ್ಲಗೆ.

‘ಸ ರಿ ಗ ಮ’ ಎಂದು ಶುರುಮಾಡಿದರು. ನಿಂತರು. ಮತ್ತೆ ‘ಸ ರಿ ಗ ಮ’. ಮಾತು ಮುಂದಕ್ಕೆ ಬರಲೇ ಇಲ್ಲ.

‘ಪಾಟ ಬಾಗುಂದಿ, ಮಾತೆಲ್ಲಿ ಸ್ವಾಮಿ?’ ಎಂದರು ಗಂಡಿನ ಚಿಕ್ಕಪ್ಪ. ಹಾಡೇನೋ ಚೆನ್ನಾಗಿದೆ ಎಂಬ ತಮಾಷೆ, ಕೆಟ್ಟ ಮನಸ್ಸಿನದಲ್ಲ. ನಮ್ಮವರೂ ನಕ್ಕರು.

‘ಓಗ್ಲಿ ಬುಡಣ್ಣ, ನಾನೇಳ್ತೀನಿ’ ಎಂದು ನನ್ನ ಮೈದುನ ಮೂರು ಸಲ ಹೇಳಿ ಎಲೆಅಡಿಕೆ ಬದಲಾಯಿಸಿದ. ತಾತ ಚೊಂಬು ಉರುಳಿಸಲಿಲ್ಲ. ಎಡಗೈಯನ್ನು ಮೆಲ್ಲಗೆ ಟವೆಲಿನ ಕೆಳಗೆ ಎಳೆದುಕೊಂಡರು.

ಮದುವೆ ಚೆನ್ನಾಗಿಯೇ ಆಯಿತು. ನಿಮ್ಮ ಅಮ್ಮ ಇದನ್ನು ಯಾವತ್ತೂ ಎತ್ತಿ ಆಡಿಲ್ಲ. ನಾನೂ ಆಡಿಲ್ಲ, ಈಗ ಬರೆಯುತ್ತಿದ್ದೇನೆ.

ಆಮೇಲೆ ಬಾಗಿಲು ತೆರೆದಿಟ್ಟೆ, ಬೀದಿಯವರು ನೋಡಿದರೆ ನೋಡಲಿ ಎಂದು ಜಗಲಿಯ ಮೇಲೂ ಕೂರಿಸಿದೆ. ಮೇಷ್ಟ್ರು ಎರಡು ಸಲ ಬಂದು ಹಾಡಿ ನೋಡಿದರು, ಮೂರನೆಯ ಸಲ ಬರಲಿಲ್ಲ. ‘ನೀರು ಕೊಡು’ ಕೂಡ ಹೋಯಿತು. ಇನ್ನೂ ಆರು ವರ್ಷ ಬದುಕಿದ್ದರು. ಅಂಗಿ ತೊಡಿಸುವಾಗ, ಸ್ನಾನ ಮಾಡಿಸುವಾಗ ಆ ಎಡಗೈ ಹೇಳಿದಂತೆ ಕೇಳುತ್ತಿತ್ತು. ತಾಳಕ್ಕೆಂದು ಹಿಡಿದರೆ ಮಾತ್ರ ಮುಷ್ಟಿ ಬಿಗಿಯುತ್ತಿತ್ತು.