ಗಾಡ್ಯಾಗ ಯಾರ ಕುಂತಾರ?

ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ, ನಲವತ್ತು ಸಮೀಪಿಸಿದ ಹೆಂಗಸು ಕಾರ್ ರೇಸಿನ ಆಟಕ್ಕೆ ಬಿದ್ದಳು ಅಂದರೆ ಯಾರೂ ನಂಬುವುದಿಲ್ಲ. ಆ ಹೆಂಗಸು ನಾನೇ. ಜಮಖಂಡಿಯ ನಮ್ಮ ಮನೆಗೆ ಕಂಪ್ಯೂಟರ್ ಬಂದದ್ದು 2008ರ ಸುಮಾರಿಗೆ, ನಾನು ಪ್ರಶ್ನೆಪತ್ರಿಕೆ ಟೈಪ್ ಮಾಡಲೆಂದು. ಜೋಡಿಸಲು ಬಂದ ಅಂಗಡಿಯವನು, ಯಾರೂ ಕೇಳದಿದ್ದರೂ, ಊರ ಬೀದಿಗಳಲ್ಲಿ ಕಾರು ಓಡಿಸಿ ಪಂದ್ಯ ಗೆಲ್ಲುವ ಆಟವೊಂದನ್ನು ಹಾಕಿಕೊಟ್ಟು ಹೋದ. ಪ್ರಶ್ನೆಪತ್ರಿಕೆಯನ್ನು ನಾನು ಮತ್ತೆ ಕೈಯಲ್ಲೇ ಬರೆಯತೊಡಗಿದೆ.

ಅದರ ಸೆಳೆತ ಏನೆಂದು ಹೇಳಿಬಿಡುತ್ತೇನೆ. ಆ ವರ್ಷವೇ ನಾನು ಕಾರು ಕಲಿತಿದ್ದೆ. ಗಂಡ ಕೊಂಡ ಹಳೆಯ ಸಣ್ಣ ಕಾರನ್ನು ಮೂರನೆಯ ಗೇರಿಗೆ ಹಾಕಲೂ ನಾನು ಹೆದರುತ್ತಿದ್ದೆ. ಅದರ ಮೇಲೆ ಕಬ್ಬಿನ ಹಂಗಾಮು ಬೇರೆ. ಎರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಕೊಂಡರೆ ಮುಧೋಳದ ತನಕ ಅದರ ಬಾಲ ಹಿಡಿದುಕೊಂಡೇ ಹೋಗಬೇಕು. ಆಟದಲ್ಲಿ ಆ ರಗಳೆ ಇಲ್ಲ. ಎದುರು ಬರುವ ಲಾರಿಯನ್ನು ಕೂದಲೆಳೆಯಲ್ಲಿ ತಪ್ಪಿಸಿದರೆ ಅಂಕ. ಅಂಕ ತುಂಬಿದ ಮೇಲೆ ಒಂದು ಗುಂಡಿ ಒತ್ತಿದರೆ ಕಾರಿನ ಹಿಂದಿನಿಂದ ನೀಲಿ ಬೆಂಕಿ ಚಿಮ್ಮಿ, ಬೀದಿಯ ದೀಪಗಳೆಲ್ಲ ಗೆರೆಗಳಾಗಿ ಹಿಂದೆ ಓಡುತ್ತಿದ್ದವು. ಆ ಬೆಂಕಿ ಕಂಡರೆ ನನಗೆ ಮೈ ಜುಮ್ಮೆನ್ನುತ್ತಿತ್ತು. ಬೆಂಕಿ ಬಂತೆಂದರೆ ಇನ್ನಷ್ಟು ಒತ್ತಬೇಕು, ಅದೇ ಅಲ್ಲಿಯ ನಿಯಮ.

ಆಟದ ಕೊರತೆಗಳನ್ನು ಮೊದಲು ಹಿಡಿದವರು ನನ್ನ ಅತ್ತೆ. ಒಕ್ಕಲುತನದ ಮನೆಯಲ್ಲಿ ಹುಟ್ಟಿ ಬೆಳೆದವರು. ಬೀಳಗಿ ಕಡೆಯ ಅವರ ತವರೂರು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತ್ತು. ದಿನಾ ಸಂಜೆ ಮೊರದಲ್ಲಿ ಕಾಳು ಹಾಕಿಕೊಂಡು ನನ್ನ ಪಕ್ಕ ಕೂತು ಕಲ್ಲು ಆರಿಸುತ್ತ ಆಟ ನೋಡುತ್ತಿದ್ದರು.

"ಎಷ್ಟ ದೊಡ್ಡ ಊರಬೇ ಇದು! ಒಂದ ನಾಯಿ ಇಲ್ಲ, ಒಂದ ಕೂಸಿಲ್ಲ. ನಮ್ಮ ತವರೂರು ಖಾಲಿ ಮಾಡಿದ ಮರದಿನ ಹಿಂಗ ಇತ್ತು ನೋಡು."

ಖರೆಯೇ. ಅಷ್ಟು ಮಹಡಿ ಮನೆಗಳಲ್ಲಿ ಒಂದರ ಬಾಗಿಲೂ ತೆರೆಯುತ್ತಿರಲಿಲ್ಲ. ಅವೇ ಮೂರು ಲಾರಿ ತಿರುತಿರುಗಿ ಬರುತ್ತಿದ್ದವು. ರಸ್ತೆಯಲ್ಲಿ ತಗ್ಗಿಲ್ಲ, ಹಂಪ್ ಇಲ್ಲ. ಗೋಡೆಗೆ ಗುದ್ದಿ ಮೂರು ಪಲ್ಟಿ ಹೊಡೆದ ಕಾರು ಎರಡು ಕ್ಷಣದಲ್ಲಿ ಗೀರಿಲ್ಲದೆ ರಸ್ತೆಗೆ ಬಂದು ನಿಲ್ಲುತ್ತಿತ್ತು. ಗಾಜಂತೂ ಕಪ್ಪು, ಒಳಗೆ ಏನೂ ಕಾಣದು.

"ಗಾಡ್ಯಾಗ ಯಾರ ಕುಂತಾರ?" ಎಂದು ಒಂದು ದಿನ ಕೇಳಿದರು.

"ಯಾರೂ ಇಲ್ರೀ ಅತ್ತಿ. ಓಡಸಾಕಿ ನಾನ."

"ನೀ ಇಲ್ಲೆ ಕುಂತೀಯಲ್ಲ!" ಎಂದು ನಕ್ಕರು. ನಾನೂ ನಕ್ಕೆ.

ಆಟ ಆಡಿ ಆಡಿ ನನಗೆ ಧೈರ್ಯ ಬಂದಿತ್ತು, ಅದು ಸುಳ್ಳಲ್ಲ. ಡಿಸೆಂಬರಿನ ಒಂದು ಭಾನುವಾರ ಅತ್ತೆಯನ್ನು ಬೀಳಗಿಯ ನಾದಿನಿಯ ಮನೆಗೆ ನಾನೇ ಕರೆದುಕೊಂಡು ಹೊರಟೆ. ಅವರು ಹಿಂದೆ ಕೂತರು. ಮುಂದೆ ಕೂತರೆ ಎದೆ ಝಲ್ಲೆನ್ನುತ್ತದಂತೆ. ಆ ಕಾರಿನ ಹಿಂದಿನ ಬಾಗಿಲುಗಳು ಒಳಗಿನಿಂದ ತೆರೆಯುತ್ತಿರಲಿಲ್ಲ. ಯಾರಾದರೂ ಇಳಿದು ಹೋಗಿ ಹೊರಗಿನಿಂದಲೇ ತೆಗೆಯಬೇಕಿತ್ತು. ಗಂಡ ಇವತ್ತು ನಾಳೆ ರಿಪೇರಿ ಎನ್ನುತ್ತಲೇ ಇದ್ದರು.

ಬೀಳಗಿಗೆ ಇನ್ನೂ ಸಾಕಷ್ಟು ದೂರವಿರುವಾಗ ರಸ್ತೆಯ ತುಂಬ ಹುರಳಿ ಹಾಸಿದ್ದರು. ಬಳ್ಳಿ ಸಮೇತ ಕಿತ್ತು ತಂದು ಡಾಂಬರಿನ ಮೇಲೆ ಹರಡಿದರೆ ಬಸ್ಸು, ಲಾರಿಗಳ ಗಾಲಿಗಳೇ ಒಕ್ಕಿಕೊಡುತ್ತವೆ. ನಾನು ನಿಧಾನ ಮಾಡಿ ಅಂಚಿಗೆ ಇಳಿಸಲು ನೋಡಿದೆ. ಹಿಂದಿನಿಂದ ಅತ್ತೆ ಬೈದರು.

"ಬಾಜೂಕ ಯಾಕ ಇಳಸ್ತಿ? ಮ್ಯಾಲ ಹೊಡಿಬೇ! ಕಣ ಎಲ್ಲಾ ನೀರಾಗ ಹೋದುವು, ಪಾಪ, ರೋಡ ಅವರಿಗೆ ಕಣ ಆಗೇತಿ. ನಾಕ ಸಲ ಗಾಲಿ ಆಡಿದರ ಅವರ ರಾಶಿ ಆದಂಗಾತು."

ಅಂಚಿನಲ್ಲಿ ನಿಂತಿದ್ದ ರೈತ ಹೆಂಗಸೂ ಬರ್ರಿ ಬರ್ರಿ ಎಂದು ಕೈ ಬೀಸಿದಳು. ಪುಣ್ಯವೂ ಬಂತು, ಪಂದ್ಯವೂ ಆಯಿತು! ನಾನು ಕಾರನ್ನು ಅದರ ಮೇಲೆ ಹತ್ತಿಸಿದೆ. ಕೊನೆಯಲ್ಲಿ ಗರಕ್ಕನೆ ತಿರುಗಿಸಿ ಮತ್ತೆ ಬಂದೆ. ಹೀಗೆ ಐದಾರು ಸಲ. ಅತ್ತೆ ಹಿಂದೆ ಚಪ್ಪಾಳೆ ತಟ್ಟುತ್ತಿದ್ದರು. ಆ ಹೆಂಗಸು ಖುಷಿಯಾಗಿ ಒಂದು ಚೀಲದಲ್ಲಿ ನಾಲ್ಕು ಬೊಗಸೆ ಹುರಳಿ ತುಂಬಿ ಕಿಟಕಿಯಿಂದ ಅತ್ತೆಯ ಮಡಿಲಿಗೆ ಹಾಕಿದಳು. ಬಳ್ಳಿ ಕಾರಿನ ಹೊಟ್ಟೆಯ ಕೆಳಗೆ ಸುತ್ತಿಕೊಂಡು ಕಾದ ಸೈಲೆನ್ಸರಿಗೆ ಅಂಟಿದ್ದನ್ನು ನಾವು ಮೂವರೂ ನೋಡಲಿಲ್ಲ.

ಸ್ವಲ್ಪ ದೂರ ಹೋದ ಮೇಲೆ ಅತ್ತೆ ಮೂಗರಳಿಸಿದರು. "ಹುರಳಿ ಹುರದಂಗ ಘಮ್ ಅಂತ ವಾಸನಿ ಬರಾಕತ್ತೇತಲ್ಲ!"

ನಾನು ಕನ್ನಡಿ ನೋಡಿದೆ. ಕಾರಿನ ಹಿಂದೆ ಬೆಂಕಿ.

ಇದನ್ನು ಬರೆಯಲು ಇವತ್ತಿಗೂ ನಾಚಿಕೆಯಾಗುತ್ತದೆ. ಅದನ್ನು ನೋಡಿದ ಮೊದಲ ಕ್ಷಣ ನನಗೆ ಮೈ ಜುಮ್ಮೆಂದಿತು. ಕಾಲು ಬ್ರೇಕಿಗೆ ಹೋಗಲಿಲ್ಲ, ಆಕ್ಸಿಲರೇಟರನ್ನು ಒತ್ತಿತು. ಕಾರು ಮುಂದಕ್ಕೆ ಜಿಗಿಯಿತು, ಗಾಳಿ ಹೊಡೆದು ಬೆಂಕಿ ದೊಡ್ಡದಾಯಿತು.

"ಬೆಂಕಿಬೇ! ನಿಂದರಸು!" ಎಂದು ಅತ್ತೆ ಕಿರುಚಿದರು.

ನಿಲ್ಲಿಸಿದೆ. ನನ್ನ ಬಾಗಿಲು ತೆಗೆದು ಹಾರಿ, ಹೊಲದ ಕಡೆ ಓಡಿದೆ. ಒಂದು, ಎರಡು, ಮೂರು... ಏಳು ಹೆಜ್ಜೆ ಓಡಿದ್ದೇನೆ. ಏಳನೆಯದಕ್ಕೆ ನೆನಪಾಯಿತು, ಗಾಡಿಯಲ್ಲಿ ಅತ್ತೆ ಇದ್ದಾರೆ. ತಿರುಗಿ ಓಡಿದೆ. ಹಿಡಿಕೆ ಸುಡುತ್ತಿತ್ತು, ಎರಡು ಸಲ ಜಾರಿತು, ಮೂರನೆಯ ಸಲಕ್ಕೆ ಬಾಗಿಲು ತೆರೆಯಿತು. ಹೊಗೆಯೊಳಗೆ ಕೈ ಹಾಕಿ ಸಿಕ್ಕ ತೋಳನ್ನು ಹಿಡಿದು ಎಳೆದೆ. ಅತ್ತೆ ಹುರಳಿಯ ಚೀಲವನ್ನು ಅವುಚಿಕೊಂಡೇ ಹೊರಬಂದರು. ಹೊಲದವರು ಕೊಡಗಳಲ್ಲಿ ನೀರು ತಂದು ಸುರಿದರು, ಮಣ್ಣು ಎರಚಿದರು. ಕಾರಿನ ಹಿಂಭಾಗವೆಲ್ಲ ಕರಕಲಾಯಿತು. ಅತ್ತೆಗೆ ಸೆರಗಿನ ತುದಿ ಸುಟ್ಟದ್ದು ಬಿಟ್ಟರೆ ಏನೂ ಆಗಿರಲಿಲ್ಲ.

ಸಂಜೆ ನನ್ನ ಗಂಡ ಗಾಬರಿಯಿಂದ ಕೇಳಿದಾಗ ಅತ್ತೆಯೇ ಹೇಳಿದರು. "ನಿನ್ನ ಹೇಣ್ತಿ ಗಾಡಿ ನಿಂದರಿಸಿದಕೀನ ಬಾಗಲಾ ತಗದು ನನ್ನ ಎಳಕೊಂಡ್ಲು. ಇಲ್ಲಂದ್ರ ಹುರಳಿ ಕೂಡ ನಾನೂ ಹುರದ ಹೋಗತಿದ್ನಿ." ನೋಡಲು ಬಂದ ಬೀಗರಿಗೆ, ನೆರೆಯವರಿಗೆ, ಎಲ್ಲರಿಗೂ ಇದೇ ಮಾತು. ಭಾಳ ಗಟ್ಟಿಗಿತ್ತಿ ಸೊಸೆ ಎಂದು ಜನ ನನ್ನನ್ನು ಹೊಗಳಿದರು. ಹೊಗೆಯಲ್ಲಿ ಅವರಿಗೆ ನಾನು ಓಡಿದ್ದು ಕಂಡಿಲ್ಲ ಎಂದುಕೊಂಡೆ. ಸಿಕ್ಕಿಬೀಳದ ಕಳ್ಳಿಯ ಹಾಗೆ ಸಮಾಧಾನವಾಯಿತು. ಬೆಂಕಿಯ ಭಯ ವಾರದೊಳಗೆ ಹೋಯಿತು. ನನ್ನ ಕಾಲುಗಳ ಬಗ್ಗೆ ಹುಟ್ಟಿದ ಭಯ ಮಾತ್ರ ಹೋಗಲಿಲ್ಲ.

ಹದಿನೈದು ದಿನ ಕಂಪ್ಯೂಟರ್ ಮುಟ್ಟಲಿಲ್ಲ. ಆಮೇಲೆ ಒಂದು ಸಂಜೆ, ಚಟ ನೋಡಿ, ಮತ್ತೆ ಆಟ ಹಾಕಿದೆ. ಅತ್ತೆ ಎಂದಿನಂತೆ ಮೊರ ಹಿಡಿದು ಬಂದು ಪಕ್ಕದಲ್ಲಿ ಕೂತರು. ಮೊರದಲ್ಲಿ ಅದೇ ಹುರಳಿ. ಅದನ್ನು ಕಂಡು ನನ್ನ ಕೈ ಗುಂಡಿಗಳ ಮೇಲೆಯೇ ನಿಂತುಬಿಟ್ಟಿತು.

ಅವರು ಒಂದು ಕಲ್ಲು ಆರಿಸಿ ಪಕ್ಕಕ್ಕೆ ಇಟ್ಟರು. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ.

"ಆಡಬೇ, ಆಡು. ಈ ಗಾಡ್ಯಾಗ ನಾ ಕುಂತಿಲ್ಲ."

ನಾನು ಅವರ ಮುಖ ನೋಡಿದೆ. ಅವರು ಮೊರದಿಂದ ತಲೆ ಎತ್ತಲಿಲ್ಲ. ಏಳೂ ಹೆಜ್ಜೆಯನ್ನು ಅವರು ಕಿಟಕಿಯಿಂದ ನೋಡಿದ್ದರು.