ಏಣಿಯ ಬಲಭುಜ

ನನ್ನನ್ನು ಚಾಡಿಕೋರ ಎಂದು ಕರೆದ ಭಾವನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಚಾಡಿ ಎಂದರೆ ಬೆನ್ನ ಹಿಂದೆ ಹೇಳುವುದು. ನಾನು ಹೇಳಿದ್ದು ಅವನ ಮೂತಿಯೆದುರಿಗೇ, ಅದೂ ಕಿರುಚಿ.

ಭಾವ ಎಂದರೆ ನನ್ನ ಹೆಂಡತಿಯ ಅಣ್ಣ. ಅದಕ್ಕೂ ಮೊದಲಿನಿಂದ ನನ್ನ ಜೊತೆ ಗೋಡೆಗೆ ಬಣ್ಣ ಹೊಡೆಯುವವನು. ಆರಡಿ ಎತ್ತರ, ಮೈಯಲ್ಲಿ ಹಿಡಿ ಮಾಂಸವಿಲ್ಲ. ಹಾಗಾಗಿ ಎಲ್ಲರ ಬಾಯಲ್ಲೂ ಅವನು ಏಣಿ. ಇಪ್ಪತ್ತೆರಡು ವರ್ಷದಿಂದ ನಮ್ಮ ಕೆಲಸದ ಹಂಚಿಕೆ ಬದಲಾಗಿಲ್ಲ. ಅವನು ಹಗ್ಗಕ್ಕೆ ಕಟ್ಟಿದ ಹಲಗೆಯ ಮೇಲೆ ಕೂತು ಬಣ್ಣ ಹೊಡೆಯುತ್ತಾನೆ. ನಾನು ಕೆಳಗೆ ನಿಂತು ಬಣ್ಣ ಕಲಸುತ್ತೇನೆ, ಹಗ್ಗ ನೋಡಿಕೊಳ್ಳುತ್ತೇನೆ. ಮೇಲಿಂದ ಅವನ ಕಿಟಕಿ ಕಿಟಕಿಯ ವರದಿ ಬೇರೆ.

"ಲೋ, ಮೂರನೇ ಮಹಡಿ ಲಾಯರು ಪಾತ್ರೆ ತೊಳೀತಿದಾನೆ ಕಣೋ!"

"ಮೆಲ್ಲಗೆ ಹೇಳೋ, ಕೇಳಿಸುತ್ತೆ!"

"ಕೇಳಿಸ್ಲಿ. ತಳ ಸರಿಯಾಗಿ ಉಜ್ತಿಲ್ಲ."

ಇಂಥವನು ಊರ ಹೊರಗಿನ ವಿಮಾನದ ಶೆಡ್ಡಿಗೆ ಬಣ್ಣ ಹೊಡೆಯಲು ಹೋದಾಗ ಕೆಟ್ಟ. ಅಲ್ಲಿ ಪ್ಯಾರಾಚೂಟ್ ಕಟ್ಟಿಕೊಂಡು ವಿಮಾನದಿಂದ ಹಾರುವುದನ್ನು ಕಲಿಸುತ್ತಾರೆ. ಹತ್ತು ದಿನ ಬ್ರಷ್ಷು ಕೈಯಲ್ಲಿ ಹಿಡಿದು ಆಕಾಶ ನೋಡಿದ. ಹನ್ನೊಂದನೇ ದಿನ ಬಾಯಿಬಿಟ್ಟ.

"ನಾನೂ ಹಾರ್ತೀನಿ."

"ಯಾರ ಹೊಟ್ಟೆಗೆ ಕಟ್ಕೊಂಡು?" ಎಂದೆ. ಮೊದಲ ಸಲ ಬಂದವರನ್ನು ಕಲಿಸುವವರು ತಮ್ಮ ಹೊಟ್ಟೆಗೆ ಬಿಗಿದುಕೊಂಡೇ ಹಾರುತ್ತಿದ್ದರು.

"ಯಾರ ಹೊಟ್ಟೆಗೂ ಇಲ್ಲ. ಕಲಿತು ಒಬ್ನೇ ಹಾರ್ತೀನಿ. ಇಷ್ಟು ವರ್ಷ ನಿನ್ನ ಹಗ್ಗದಲ್ಲಿ ನೇತಾಡಿದ್ದು ಸಾಕು. ಒಂದ್ಸಲನಾದ್ರೂ ನನ್ನ ಹಗ್ಗ ನಾನೇ ಎಳೀಬೇಕು."

ತಮಾಷೆ ಎಂದುಕೊಂಡೆ. ಮರುದಿನವೇ ನಲವತ್ತೊಂಬತ್ತರ ಗಂಡಸು ಬೆಳಿಗ್ಗೆ ಎದ್ದು ಓಡತೊಡಗಿದ. ಸಿಗರೇಟು ಬಿಟ್ಟ. ಊಟವಾದ ಮೇಲೆ ನಮ್ಮ ಮನೆಯ ನೆಲದಲ್ಲಿ ಬೋರಲು ಮಲಗಿ, ಎದೆ ಕಾಲು ಎರಡನ್ನೂ ಮೇಲೆತ್ತಿ ಗಡಿಯಾರ ನೋಡುತ್ತಿದ್ದ. ಗಾಳಿಯಲ್ಲಿ ಹಾಗೆಯೇ ಇರಬೇಕಂತೆ. ನನ್ನ ಹೆಂಡತಿ ಅವನನ್ನು ದಾಟಿಕೊಂಡೇ ಕಸ ಗುಡಿಸುತ್ತಿದ್ದಳು. "ಅಣ್ಣಾ, ಹಾರೋದಾದ್ರೆ ಬೇಗ ಹಾರು, ನಂಗೆ ನೆಲ ಒರೆಸ್ಬೇಕು."

ಹೆಸರು ಬರೆಸುವ ದಿನ ನಾನೂ ಹೋದೆ. ಕಲಿಸುವವಳು ಮೂವತ್ತರ ಆಸುಪಾಸಿನ ಹೆಣ್ಣುಮಗಳು, ಮಾತು ಕಡ್ಡಿ ಮುರಿದ ಹಾಗೆ. ಹದಿನೆಂಟು ತುಂಬಿರಬೇಕು, ಹೊಸದಾಗಿ ಕಲಿಯಲು ಬರುವವರಿಗೆ ಐವತ್ತೈದು ದಾಟಿರಬಾರದು, ಏಣಿ ಪಾಸು. ಬಟ್ಟೆ ಬೂಟು ಸೇರಿ ತೊಂಬತ್ತೈದು ಕಿಲೋ ಮೀರಬಾರದು. ಇವನನ್ನೂ ಇವನ ಬಣ್ಣದ ಬಕೆಟ್ಟನ್ನೂ ಒಟ್ಟಿಗೆ ತೂಗಿದರೂ ಮೀರದು. ರಕ್ತದೊತ್ತಡ, ಎದೆ, ಕಣ್ಣು ಸರಿಯಿದೆ ಎಂದು ಡಾಕ್ಟರ ಚೀಟಿ ಇತ್ತು. ಮೂಗು ಮುಚ್ಚಿ ಊದಿಸಿ ಕಿವಿ ಬಿಡುತ್ತದೆಯೇ ನೋಡಿದಳು. ತಲೆಸುತ್ತು, ಮೂರ್ಛೆ ಎಂದಾದರೂ ಬಂದಿತ್ತೇ ಎಂದಳು. "ಇವನ ಬೈಗುಳ ಕೇಳಿ ಎಷ್ಟೋ ಸಲ" ಎಂದು ನನ್ನ ಕಡೆ ಬೆರಳು ತೋರಿಸಿದ. ಬೆಂಚಿನ ಮೇಲಿಂದ ಮಂಡಿ ಬಾಗಿಸಿ ಎರಡೂ ಪಾದ ಜೋಡಿಸಿ ನೆಲಕ್ಕೆ ಹಾರಿ ತೋರಿಸಿದ. ಅವನ ಮುಖ ನೋಡಬೇಕಿತ್ತು, ಹೊಸ ಸೈಕಲ್ಲು ಸಿಕ್ಕವನ ಹಾಗಿತ್ತು.

ಆಮೇಲೆ ಅರ್ಜಿ ತುಂಬಿದ. ಅಂಗಡಿ ಬೋರ್ಡು ಬರೆದ ಕೈ, ಅಕ್ಷರ ಮುತ್ತು. ಪಕ್ಕದಿಂದ ಇಣುಕಿದೆ. 'ಭುಜದ ಕೀಲು ಎಂದಾದರೂ ತಪ್ಪಿತ್ತೇ?' ಎಂಬುದರ ಮುಂದೆ 'ಇಲ್ಲ' ಎಂದು ಗುಂಡಗೆ ಬರೆದಿದ್ದ.

"ಏನೋ ಬರೆದೆ?" ಎಂದು ಪಿಸುಗುಟ್ಟಿದೆ.

"ಬಾಯ್ಮುಚ್ಚು."

ಅಷ್ಟರಲ್ಲಿ ಅವಳು ಹೇಳತೊಡಗಿದಳು: "ಹಾರಿದ ತಕ್ಷಣ ಗಾಳಿ ಎರಡೂ ಕೈನ ಹಿಂದಕ್ಕೆ ಒದೆಯುತ್ತೆ. ಪ್ಯಾರಾಚೂಟ್ ಬಿಚ್ಚೋಕೆ ಬಲಗೈ ಸೊಂಟದ ಹತ್ರ ಇರೋ ಹಿಡೀನ ಎಳೀಬೇಕು. ಆಗ ಭುಜ ಕಳಚಿದ್ರೆ ಕೈ ಅಲ್ಲಿಗೆ ಹೋಗಲ್ಲ. ಮೊದಮೊದಲು ನಾವು ಪಕ್ಕದಲ್ಲಿರ್ತೀವಿ. ಆಮೇಲೆ ನೀವೊಬ್ಬರೇ."

ನನಗೆ ತಡೆಯಲಾಗಲಿಲ್ಲ. ಮೇಜು ಗುದ್ದಿ, "ಇವನ ಬಲಭುಜ ಹನ್ನೊಂದು ವರ್ಷದ ಹಿಂದೆ ಕಳಚಿತ್ತು ಮೇಡಂ! ಈಗಲೂ ಚಳಿಗೆ ಅಂಗಿ ಹಾಕ್ಕೊಳೋಕೆ ಒದ್ದಾಡ್ತಾನೆ!" ಎಂದು ಕಿರುಚಿದೆ. ಶೆಡ್ಡಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಅವಳು ಪೆನ್ನು ಕೆಳಗಿಟ್ಟಳು. "ಹೇಗಾಯ್ತು ಸರ್?"

ಏಣಿ ನನ್ನನ್ನೇ ನೋಡಿದ. ಹೇಗಾಯಿತೆಂದು ಗೊತ್ತಿದ್ದವರು ನಾವಿಬ್ಬರೇ. ಯಾವುದೋ ಗೋಡೆಗೆ ಹೊಡೆದ ಬಿಳಿ ಮಾಸಲೋ ಅಲ್ಲವೋ ಎಂದು ಜಗಳ ಹತ್ತಿ, ಮರದ ಏಣಿಯ ಎರಡನೇ ಮೆಟ್ಟಿಲಲ್ಲಿ ನಿಂತು ಅಣಕಿಸುತ್ತಿದ್ದವನ ಕೈ ಹಿಡಿದು ಎಳೆದಿದ್ದೆ. ಮೈ ಅಲ್ಲೇ ಉಳಿದು ತೋಳು ಮಾತ್ರ ಬಂದ ಹಾಗಾಗಿತ್ತು.

"ಏಣಿ ಜಾರ್ತು ಮೇಡಂ" ಎಂದ. ಹನ್ನೊಂದು ವರ್ಷದಿಂದ ಮನೆಯಲ್ಲಿ ಹೇಳಿದ್ದೂ ಅದನ್ನೇ.

ಅವಳು ಹಾಗೆಯೇ ಬರೆದುಕೊಂಡು ಮೂಳೆ ಡಾಕ್ಟರ ಹತ್ತಿರ ಕಳಿಸಿದಳು. ಡಾಕ್ಟರು ತೋಳನ್ನು ಎತ್ತಿ, ಮೆಲ್ಲಗೆ ಹಿಂದಕ್ಕೆ ಒತ್ತಿದರು. ಏಣಿಯ ಮುಖ ಸುಣ್ಣವಾಯಿತು. "ಗೋಡೆಗೆ ಬಣ್ಣ ಹೊಡೀರಿ. ಇದು ಬೇಡ. ಯಾವತ್ತಿಗೂ ಬೇಡ" ಎಂದರು.

ಸಂಜೆ ನಮ್ಮ ಮನೆಗೆ ಬಂದು, ಪಕ್ಕದ ಮನೆಯವರು ಕೂತಿರುವಾಗಲೇ ನನ್ನನ್ನು ಚಾಡಿಕೋರ ಎಂದ. ನನ್ನ ಹೆಂಡತಿ ನನ್ನ ಪರವಾಗಿ ಎದ್ದು ನಿಂತಳು. "ಏಣಿಯಿಂದ ಜಾರಿದ್ದು ನೀನು. ಸುಳ್ಳು ಬರೆದಿದ್ದೂ ನೀನು. ಇವರು ಯಾಕೆ ಬೈಸ್ಕೋಬೇಕು? ಇವರಿಂದ ನಿನ್ನ ಜೀವ ಉಳೀತು!"

ಏಣಿ ನನ್ನ ಕಡೆ ನೋಡಿದ. ನಾನು ತಟ್ಟೆ ನೋಡುತ್ತ ಉಣ್ಣುತ್ತಿದ್ದೆ.

ಮೂರು ದಿನ ಬಿಟ್ಟು ಕೆಲಸಕ್ಕೆ ಬಂದ. ಹಲಗೆಯನ್ನು ಎರಡನೇ ಮಹಡಿಗೆ ಏರಿಸಿದೆ. ಆ ದಿನ ಕಿಟಕಿಯ ವರದಿ ಬರಲಿಲ್ಲ. ತುಂಬ ಹೊತ್ತಾದ ಮೇಲೆ ಬ್ರಷ್ಷು ನಿಲ್ಲಿಸಿ ಕೆಳಗೆ ಬಗ್ಗಿದ.

"ಲೋ. ಏನಾದ್ರೂ ಹೇಳೋದಿತ್ತಾ?"

ಹೇಳುವುದಿತ್ತು. ಅವನಿಗೊಂದು ಮಾತು, ಅವನ ತಂಗಿಗೊಂದು ಮಾತು. ಬಾಯಿ ತೆರೆದೆ.

"ಬಣ್ಣ ಸಾಕಾ, ಇನ್ನೊಂದು ಬಕೆಟ್ ಕಳಿಸ್ಲಾ?" ಎಂದೆ.

"ಕಳ್ಸು" ಎಂದ.