ಎಕ್ಸ್‌ರೇ ಅಕ್ಕ ಕಳೆಗೆ ಔಷಧಿ ಹೊಡೆದದ್ದು

ಎಕ್ಸ್‌ರೇ ಅಕ್ಕ ಸಿಟ್ಟಿಗೆ ಕಾರಣ ಹುಡುಕಬೇಕಿರಲಿಲ್ಲ; ಕಾರಣಗಳೇ ಅವಳನ್ನು ಹುಡುಕಿಕೊಂಡು ಬರುತ್ತಿದ್ದವು. ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ ಕೆಲಸ ಮಾಡುತ್ತಲೇ ತಲೆ ನರೆತವಳು. ‘ಅಲುಗಾಡಬೇಡಿ, ಉಸಿರು ಹಿಡೀರಿ’ ಎಂದು ದಿನವಿಡೀ ಹೇಳಿ ಅಭ್ಯಾಸವಾಗಿ, ಮನೆಗೆ ಬಂದ ಮೇಲೂ ಲೋಕ ತಾನು ಹೇಳುವಷ್ಟು ಹೊತ್ತು ಅಲುಗಾಡದೆ ನಿಲ್ಲಬೇಕು ಎಂದುಕೊಂಡಿದ್ದಳು. ಲೋಕ ನಿಲ್ಲುತ್ತಿರಲಿಲ್ಲ. ಬಸ್ಸಿನ ಬಾಗಿಲಿಗೆ ಅಡ್ಡ ನಿಂತವನು, ಗೇಟು ಹಾಕದೆ ಹೋದ ಹಾಲಿನವನು, ಎಲ್ಲರಿಗೂ ಒಂದೊಂದು ಡೋಸು ಬೀಳುತ್ತಿತ್ತು. ಆದರೂ ಬೀದಿಯಲ್ಲಿ ಯಾರಾದರೂ ಬಿದ್ದು ಕೈ ಮುರಿದುಕೊಂಡರೆ ಜನ ಮೊದಲು ತಟ್ಟುತ್ತಿದ್ದುದು ಅವಳ ಬಾಗಿಲನ್ನೇ. ಬೈಯುತ್ತಲೇ ಚಪ್ಪಲಿ ಮೆಟ್ಟಿ ಜೊತೆಗೆ ಹೊರಡುತ್ತಿದ್ದಳು.

ಅವಳಿಗೂ ಪಕ್ಕದ ಗಡಿಯಾರ ರಿಪೇರಿಯವರಿಗೂ ಒಂದೇ ಅಂಗಳ. ನಡುವೆ ಗೋಡೆಯಿಲ್ಲ, ಕಲ್ಲು ಹಾಸಿದ ದಾರಿಯಷ್ಟೇ. ದಾರಿಯ ಆ ಬದಿಗೆ ಗಡಿಯಾರದವರ ಹುಲ್ಲುಹಾಸು. ಅದನ್ನು ಚೆಂದಕ್ಕೆಂದು ಬೆಳೆಸಿರಲಿಲ್ಲ. ಅವರ ಹೆಂಡತಿಗೆ ಲಕ್ವ ಹೊಡೆದು ಎಡಗಾಲು ಸೋತಿತ್ತು. ಮೆತ್ತಗಿನ ನೆಲದ ಮೇಲೆ ಬರಿಗಾಲಲ್ಲಿ ನಡೆಯಲಿ ಎಂದು ಡಾಕ್ಟರು ಹೇಳಿದ್ದೇ ತಡ, ಗಡಿಯಾರದ ಹಲ್ಲುಚಕ್ರ ಕೂರಿಸುವಷ್ಟು ಜತನದಿಂದ ಅವರು ಹುಲ್ಲಿನ ಒಂದೊಂದು ಕುಡಿಯನ್ನೂ ನೆಟ್ಟಿದ್ದರು. ಮನೆಯ ಮೆಟ್ಟಿಲಿಳಿದು ಕಲ್ಲುದಾರಿಯ ಮೇಲೆ ಒಂದಿಷ್ಟು ನಡೆದರೆ ಆಕೆ ಹುಲ್ಲು ಮುಟ್ಟುತ್ತಿದ್ದಳು. ಆ ಕಲ್ಲುಗಳ ಸಂದಿಯಲ್ಲೇ ಕಳೆ ಎದ್ದಿತ್ತು. ಒಂದು ಬೆಳಗ್ಗೆ ಊರುಗೋಲು ಅದರಲ್ಲಿ ಸಿಕ್ಕಿಕೊಂಡು ಆಕೆ ಬಿದ್ದಳು. ಮೂಳೆಗೇನೂ ಆಗಿರಲಿಲ್ಲ. ಎಕ್ಸ್‌ರೇ ತೆಗೆದವಳು ಅಕ್ಕನೇ. ಅಂದಿನಿಂದ ಅವಳ ಸಿಟ್ಟೆಲ್ಲ ಕಳೆಯ ಮೇಲೆ.

“ನಾನು ಕೈಯಲ್ಲೇ ಕಿತ್ತಾಕ್ತೀನಿ ಬಿಡಿ ಅಕ್ಕಾ,” ಎಂದರು ಗಡಿಯಾರದವರು.

“ಕಿತ್ತು ಕಿತ್ತು ನಿಮ್ಮ ಬೆನ್ನು ಹೋಯ್ತು, ಬೇರು ಹೋಗ್ಲಿಲ್ಲ. ಕಲ್ಲಿನಡಿ ಕೂತು ನಗ್ತಾ ಇದೆ ಅದು.”

ಅವಳು ತಂದದ್ದು ಇದು ಕಳೆ, ಇದು ಗುಲಾಬಿ ಎಂದು ನೋಡದೆ ಹಸಿರಾಗಿರುವ ಎಲ್ಲವನ್ನೂ ಒಣಗಿಸುವ ಔಷಧಿ. ಎಲೆಯ ಮೇಲೆ ಬಿದ್ದರೆ ಬೇರಿನವರೆಗೂ ಇಳಿಯುತ್ತದೆ. ಕಣ್ಣಿಗೆ ಕಾಣದ ಕಿರಣಗಳ ಜೊತೆ ಬದುಕಿದವಳಾದ್ದರಿಂದ ಅಕ್ಕ ಅದನ್ನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಡಬ್ಬಿಯ ಲೇಬಲ್ಲನ್ನು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದಳು. ಈ ಕೆಲಸಕ್ಕೆಂದೇ ಬೇರೆ ಸ್ಪ್ರೇಯರ್ ತಂದು ಕೆಂಪು ಬಣ್ಣ ಬಳಿದಳು. ಬೇರೆ ಗಿಡಗಳಿಗೆ ಹೊಡೆಯಲು ಯಾರೂ ಅದನ್ನು ಮುಟ್ಟಬಾರದು. ಕೆಸರು ನೀರಿನಲ್ಲಿ ಔಷಧಿಯ ಕಸುವು ಹೋಗುತ್ತದೆಂದು ತಿಳಿನೀರಿನಲ್ಲೇ ಬೆರೆಸಿದಳು. ಹೇಳಿದ್ದಕ್ಕಿಂತ ಒಂದು ತೊಟ್ಟೂ ಹೆಚ್ಚು ಹಾಕಲಿಲ್ಲ. ಗಾಳಿಯಿಲ್ಲದ ಒಣ ಬೆಳಗ್ಗೆ ತುಂಬುತೋಳಿನ ಅಂಗಿ, ಕೈಗವಸು, ಕನ್ನಡಕ, ರಬ್ಬರ್ ಬೂಟು ತೊಟ್ಟು, ಹುಲ್ಲುಹಾಸಿನ ಕಡೆಗೆ ರಟ್ಟು ಅಡ್ಡ ಹಿಡಿದು, ಸಂದಿ ಸಂದಿಗೂ ಹೊಡೆದಳು.

“ಒಣಗೋವರೆಗೂ ಯಾರೂ ಈ ಕಡೆ ಬರಬೇಡಿ. ನೀರೂ ಬಿಡಬೇಡಿ,” ಎಂದು ಮೊದಲೇ ಹೇಳಿದ್ದಳು.

ಸ್ಪ್ರೇಯರ್ ಕೆಳಗಿಡುವಷ್ಟರಲ್ಲಿ ದಾರಿಯಂಚಿನ ಕುಂಡದಲ್ಲಿದ್ದ ಪೈಪು ಬುಸುಗುಟ್ಟಿತು. ಗಡಿಯಾರದವರು ದಿನದ ಅಭ್ಯಾಸದಂತೆ ಹುಲ್ಲುಹಾಸಿನ ಆಚೆ ಮೂಲೆಯ ನಲ್ಲಿ ತಿರುಗಿಸಿದ್ದರು. ಕುಂಡ ತುಂಬಿ ನೀರು ಕಲ್ಲಿನ ಕಡೆ ಹರಿಯತೊಡಗಿತು. ಅಕ್ಕ ಕೂಗಲಿಲ್ಲ. ನೆಟ್ಟಗೆ ನಡೆದು ಹೋಗಿ ನಲ್ಲಿ ಬಂದ್ ಮಾಡಿದಳು. ಆಮೇಲೆ ಕೂಗಿದಳು.

“ಇಷ್ಟೆಲ್ಲ ಗಡಿಯಾರ ಬಿಚ್ಚಿ ಜೋಡಿಸ್ತೀರಿ, ಒಂದು ಬೆಳಗ್ಗೆ ಸುಮ್ನಿರೋಕೆ ಆಗಲ್ವಾ ನಿಮಗೆ? ಕಿವೀಲೂ ಟಿಕ್ ಟಿಕ್ ಅಂತಲೇ ಕೇಳ್ಸೋದಾ?”

ಅವರು ತಲೆ ತಗ್ಗಿಸಿದರು. ಜಗಲಿಯ ಕುರ್ಚಿಯಲ್ಲಿದ್ದ ಹೆಂಡತಿ ಅಂದೆಲ್ಲ ಕೆಳಗಿಳಿಯಲಿಲ್ಲ.

ಮಾರನೆಯ ದಿನ ಕಳೆ ಹಾಗೇ ಹಸಿರಾಗಿತ್ತು. ಆಮೇಲೆ ನಿಧಾನವಾಗಿ ಹಳದಿಯಾಗಿ ಬಾಗಿ ಒಣಗಿತು. ಅಕ್ಕ ಹೋಗುತ್ತಾ ಬರುತ್ತಾ ಅದನ್ನು ನೋಡಿ, ಸೋತವರಿಗೆ ಕೊಡುವಷ್ಟು ಮರ್ಯಾದೆಯನ್ನೂ ಕೊಡದೆ ಬೈದಳು. ಆಗಲೇ ಗಡಿಯಾರದವರು ಬಾಗಿಲಿಗೆ ಬಂದರು. ಈ ಸಲ ತಲೆ ತಗ್ಗಿರಲಿಲ್ಲ.

“ಹುಲ್ಲು ಸುಟ್ಟುಹೋಗಿದೆ. ನಿಮ್ಮ ಔಷಧಿ ಗಾಳಿಗೆ ಹಾರಿದೆ. ಇನ್ಮೇಲೆ ಅವಳನ್ನ ಅಲ್ಲಿ ಕಾಲಿಡೋಕೆ ಬಿಡಲ್ಲ ನಾನು.”

“ಗಾಳಿಯೇ ಇರ್ಲಿಲ್ಲ.”

“ಹಾಗಾದ್ರೆ ಹುಲ್ಲು ತಾನಾಗೇ ಸತ್ತೋಯ್ತಾ? ಹೇಳ್ತೀನಿ ಕೇಳಿ, ಅಕ್ಕಾ. ಅವತ್ತು ನಿಮ್ಮ ಕೂಗಿಗೆ ಅವಳು ಕುರ್ಚಿ ಬಿಟ್ಟು ಏಳ್ಲಿಲ್ಲ. ಈಗ ಹುಲ್ಲೂ ಹೋಯ್ತು. ನಡಿಯೋದೇ ಬಿಟ್ರೆ ಆ ಕಾಲು ಮತ್ತೆ ಬರಲ್ಲ. ಅದು ನಿಮಗೂ ಗೊತ್ತು.”

ಗೊತ್ತಿತ್ತು. ಅದಕ್ಕೇ ಅವಳ ಮೈ ಉರಿಯಿತು. ತಾನು ಮಾಡಿದ್ದರಲ್ಲಿ ತಪ್ಪಿಲ್ಲ ಎಂದು ತೋರಿಸಿಯೇ ಬಿಡುತ್ತೇನೆ ಎಂದು ದುಮುದುಮು ಅಂಗಳಕ್ಕಿಳಿದಳು. ಔಷಧಿ ಹಾರಿದ್ದರೆ ದಾರಿಯಂಚಿನ ಉದ್ದಕ್ಕೂ ಹುಲ್ಲು ಒಣಗಿರಬೇಕು. ಅಂಚು ಹಸಿರಾಗಿತ್ತು. “ನೋಡಿ,” ಎನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ಕಣ್ಣು ಹುಲ್ಲಿನ ನಡುವೆ ಹೋಯಿತು.

ಒಣಗಿದ ಮಚ್ಚೆಗಳು ಸಾಲಾಗಿದ್ದವು. ಕಲ್ಲುದಾರಿಯಿಂದ ಹೊರಟು, ಒಂದು ಬಲಕ್ಕೆ, ಒಂದು ಎಡಕ್ಕೆ, ಉದ್ದುದ್ದ ಅಂತರದಲ್ಲಿ, ನೆಟ್ಟಗೆ ನಲ್ಲಿಯ ಕಡೆಗೆ. ಮೊದಲಿನವು ಪೂರ್ತಿ ಕಂದು. ಮುಂದಿನವು ತಿಳಿಹಳದಿ. ನಲ್ಲಿಯ ಹತ್ತಿರ ಬರೀ ಹಿಮ್ಮಡಿಯ ಗುರುತು. ಕತ್ತಲ ಕೋಣೆಯಲ್ಲಿ ಫಿಲ್ಮಿನ ಮೇಲೆ ಮೂಳೆ ಮೂಡುವ ಹಾಗೆ, ಇಷ್ಟು ದಿನ ಹುಲ್ಲಿನಲ್ಲಿ ನಿಧಾನವಾಗಿ ಮೂಡಿತ್ತು ಅದು.

ಗಡಿಯಾರದವರಿಗೆ ಇನ್ನೂ ತಿಳಿದಿರಲಿಲ್ಲ. ಅಂಚು ತೋರಿಸಿ ಹೊರಟುಬಿಡಬಹುದಿತ್ತು. ಅಕ್ಕ ಒಳಗೆ ಹೋಗಿ ರಬ್ಬರ್ ಬೂಟು ತಂದು ಮೊದಲ ಮಚ್ಚೆಯ ಮೇಲೆ ದೊಪ್ಪನೆ ಇಟ್ಟಳು. ಅಳತೆ ತೆಗೆದು ಹೊಲಿದ ಹಾಗೆ ಕೂತಿತು.

“ಗಾಳಿಯಲ್ಲ. ನಾನು,” ಎಂದಳು. “ಮುಖಕ್ಕೆ ಕನ್ನಡಕ, ಕೈಗೆ ಗವಸು, ಎಲ್ಲ ಸರಿ. ಹಸಿ ಔಷಧಿ ತುಳಿದ ಬೂಟಲ್ಲೇ ನಿಮ್ಮನ್ನ ಬೈಯೋಕೆ ಹೊರಟೆ. ಹುಲ್ಲು ತುಳೀದೆ ಸುತ್ತಿ ಬರೋಕೆ ನನ್ನ ಸಿಟ್ಟಿಗೆ ಪುರುಸೊತ್ತೆಲ್ಲಿ?”

ಅವರು ಬೂಟನ್ನೂ ನಲ್ಲಿಯನ್ನೂ ನೋಡಿದರು. ಬಗ್ಗಿ ಬೂಟನ್ನು ಎತ್ತಿ ಪಕ್ಕಕ್ಕಿಟ್ಟರು. ಅದಕ್ಕೂ ಅಕ್ಕನಿಗೆ ಸಿಟ್ಟು ಬಂತು.

ಜಗಲಿಯಿಂದ ಹೆಂಡತಿ, ತೊದಲುವ ನಾಲಿಗೆಯಲ್ಲಿ ಒಂದೊಂದೇ ಮಾತು ಹುಡುಕುತ್ತಾ ಹೇಳಿದಳು: “ಅಕ್ಕಾ... ನಿನ್ನ ಸಿಟ್ಟು... ಎಷ್ಟು ಉದ್ದ ಹೆಜ್ಜೆ ಹಾಕುತ್ತೆ.”

“ನಗು, ನಗು. ನಗೋಕಾದ್ರೂ ಬಾಯಿ ಬಂತಲ್ಲ.”

ಆ ಹುಲ್ಲು ಹರಡಿಕೊಂಡು ಅಕ್ಕನ ಹಿತ್ತಲಿಗೂ ಬಂದಿತ್ತು. ಅದಕ್ಕಾಗಿ ಗಡಿಯಾರದವರಿಗೆ ಎಷ್ಟೋ ಸಲ ಬೈದಿದ್ದಳು. ಈಗ ಹಳೆಯ ಚಾಕು ಹಿಡಿದು ಅದನ್ನೇ ಬೇರು, ಮಣ್ಣು ಸಮೇತ ತುಂಡು ತುಂಡಾಗಿ ಎತ್ತಿದಳು. ಔಷಧಿ ಮಣ್ಣಿಗೆ ಬಿದ್ದರೆ ಅಲ್ಲೇ ಅಂಟಿ ಕಸುವು ಕಳೆದುಕೊಳ್ಳುತ್ತದೆ, ಇಷ್ಟು ದಿನದ ಮೇಲೆ ಹೊಸ ಹುಲ್ಲು ಹಿಡಿಯುತ್ತದೆ ಎಂದು ತನಗೇ ಎಂಬಂತೆ ಗೊಣಗುತ್ತಾ, ಮೊಣಕಾಲೂರಿ ತನ್ನ ಹೆಜ್ಜೆಗಳನ್ನು ಒಂದೊಂದಾಗಿ ಅಗೆದು ತುಂಬಿದಳು.

ಊರುಗೋಲಿನ ಸದ್ದಾಯಿತು. ಹೆಂಡತಿ ಮೆಟ್ಟಿಲಿಳಿದು ಕಲ್ಲುದಾರಿಗೆ ಬಂದಿದ್ದಳು. ಒಣಗಿದ ಸಂದಿಗಳಲ್ಲಿ ಕೋಲು ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ಗಡಿಯಾರದವರು ತಡೆಯಲು ಕೈ ಎತ್ತಿ, ಹಾಗೇ ಇಳಿಸಿದರು.

“ಹೊಸದನ್ನ ತುಳೀಬೇಡ. ಪಕ್ಕದಲ್ಲಿ ಬಾ,” ಎಂದಳು ಅಕ್ಕ ತಲೆಯೆತ್ತದೆ. ಆಕೆ ಚಪ್ಪಲಿ ಕಳಚಿ ಪಕ್ಕದ ಹಸಿರಿನ ಮೇಲೆ ಎಡಗಾಲು ಎಳೆದಿಟ್ಟಳು. ಎರಡು ತುಂಡುಗಳ ನಡುವಿನ ಜಾಗ ದಾಟಲು ಆಕೆಗೆ ನಾಲ್ಕಾರು ಹೆಜ್ಜೆ ಬೇಕಾಯಿತು. ಅಷ್ಟು ಹೊತ್ತೂ ಅಕ್ಕ ಕೈಯಲ್ಲಿ ಮಣ್ಣು ಹಿಡಿದು ಅಲುಗಾಡದೆ ಕೂತಿದ್ದಳು.

ಕೊನೆಯ ತುಂಡನ್ನು ಅಂಗೈಯಿಂದ ಒತ್ತಿ, ನಲ್ಲಿಯ ಬಳಿ ಅಪ್ಪಣೆಗೆ ಕಾಯುತ್ತಿದ್ದ ಗಡಿಯಾರದವರ ಕಡೆ ತಿರುಗಿದಳು.

“ನಿಂತು ಏನ್ ನೋಡ್ತೀರಿ? ಈಗ ಬಿಡಿ ನೀರು.”